ಮನೆಯ ಮಾತು, ಕಾದಂಬರಿಯ ನೂಲು

ನವಲಗುಂದದ ಜಮಖಾನಗಳನ್ನು ಮುಸ್ಲಿಮ್ ಮಹಿಳೆಯರು ಮನೆಯೊಳಗೇ ನೇಯುತ್ತಾ ಬಂದವರು. ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತಿದ್ದರಂತೆ, ಮಗಳಿಗಲ್ಲ. ಮದುವೆಯಾಗಿ ಹೋಗುವವಳ ಜೊತೆ ಮನೆಯ ಗುಟ್ಟೂ ಹೋಗಬಾರದಲ್ಲ! ಕಾದಂಬರಿಗಾರ್ತಿಯ ಕೆಲಸ ಇದಕ್ಕೆ ತದ್ವಿರುದ್ಧ. ಮನೆಯೊಳಗಿನ ಮಾತೇ ಅವಳ ನೂಲು, ಅದನ್ನವಳು ಬೀದಿಗೆ ತರುತ್ತಾಳೆ. ಅದು ಗೀಬತ್, ಅಂದರೆ ಪರನಿಂದೆ, ಆಗುವುದಿಲ್ಲವೇ?

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರಿಗೆ ಗ್ರಂಥಾಲಯದ ಸದಸ್ಯತ್ವ ದೊರೆತದ್ದೇ 1963ರಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ನಡುವೆ 18 ವರ್ಷ. ಸ್ಫೂರ್ತಿಯೆಂದು ನಾವು ಕರೆಯುವುದು ಬಹುಶಃ ಇಂಥ ದೀರ್ಘ ಕೇಳಿಸಿಕೊಳ್ಳುವಿಕೆಯನ್ನೇ. ತಂದೆಯ ಹಠದಿಂದ ತಲಾಕ್ ಆಗಿ, ಮರಳಿ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕೆಂಬ ಕಟ್ಟಳೆಗೆ ಸಿಕ್ಕಿದ ನಾದಿರಾಳ ಕತೆ ಹಲವರಿಗೆ ಸಿಟ್ಟು ತರಿಸಿತು. ಸಿಟ್ಟಾದವರಲ್ಲಿ ಓದಿದವರೆಷ್ಟು ಮಂದಿಯೋ!

ಅನ್ಯಾಯಕ್ಕೊಳಗಾದವರು ದೂರು ಹೇಳಿಕೊಂಡರೆ ಅದು ಗೀಬತ್ ಅಲ್ಲವೆಂದು ಧರ್ಮಶಾಸ್ತ್ರಜ್ಞರೇ ಒಪ್ಪಿದ್ದಾರೆ. ಬಾಯಿಲ್ಲದವಳ ಪರವಾಗಿ ಇನ್ನೊಬ್ಬಳು ಆಡಿದರೂ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಒಂದು ಶರತ್ತು: ಓದಿದ ನೆರೆಯವರು "ಇವಳು ಇಂಥವರ ಮಗಳು" ಎಂದು ಬೆರಳು ತೋರಿಸುವಂತಿರಬಾರದು. ಹತ್ತು ಮನೆಯ ನೂಲು ಒಂದು ಪಾತ್ರದಲ್ಲಿ ಕೂಡಿರಬೇಕು. ಯಾವ ಎಳೆ ಯಾರದೆಂಬುದು ಬರೆದವಳೊಬ್ಬಳಿಗೇ ತಿಳಿದಿರಬೇಕು.