ಆಳುವವರ ಸುಳ್ಳು, ಬಾಳುವವರ ಪಾಡು

ನೂರು ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಮ್ಮ ಕಡೆ ಎಲ್ಲರೂ ನಗುನಗುತ್ತಲೇ ಹೇಳುತ್ತಾರೆ. ಎರಡು ಎಕರೆ ಅಡಿಕೆ ತೋಟ ನಾಲ್ಕು ಎಕರೆಯಾಗುತ್ತದೆ, ಹುಡುಗನ ಕುಡಿತ ‘ಅಪರೂಪಕ್ಕೊಮ್ಮೆ’ ಆಗುತ್ತದೆ. ಸುಳ್ಳು ಹೇಳಿದವರು ಧಾರೆಯ ದಿನ ಹೋಳಿಗೆ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಆ ಸುಳ್ಳಿನೊಳಗೆ ನಲವತ್ತು ವರ್ಷ ಬಾಳಬೇಕಾದವಳು ಮಾತ್ರ ಆ ಹುಡುಗಿ. ಸುಳ್ಳು ಹೇಳಿದ್ದು ಯಾರು ಎಂದು ಕೇಳುವಷ್ಟೇ ಮುಖ್ಯವಾಗಿ, ಆ ಸುಳ್ಳಿನ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು ಎಂದು ನನಗೆ ಅನಿಸುವುದು ಇದಕ್ಕೇ.

ಮನೆಯ ಸುಳ್ಳು ಒಂದು ಮನೆಯನ್ನು ಕೆಡಿಸೀತು. ದೇಶ ಆಳುವವರು ಯುದ್ಧದ ವಿಷಯದಲ್ಲಿ ಹೇಳುವ ಸುಳ್ಳು ಎಷ್ಟು ಮನೆಗಳನ್ನು ಮುಟ್ಟುತ್ತದೆ? ಹಾಗೆ ಹೇಳಿದವರು ಯಾರಿಗೆ ಉತ್ತರ ಕೊಡಬೇಕು? ‘ದೇಶದ ಒಳ್ಳೆಯದಕ್ಕಾಗಿ ಹೇಳಿದೆ’ ಎಂದರೆ ಅಲ್ಲಿಗೆ ಮುಗಿಯಿತೇ?

ತ್ಯಾವಣಿಗೆಯ ಸುತ್ತಮುತ್ತ ಇಷ್ಟು ವರ್ಷ ಪಾಠ ಹೇಳಿದವಳು ನಾನು. ಪುಣ್ಯಕೋಟಿಯ ಕಥೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ವರ್ಷ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಹುಲಿಗೆ ಸುಳ್ಳು ಹೇಳಿದ್ರೆ ಏನು ತಪ್ಪು? ಅದು ತಿನ್ನಾಕೆ ಬಂದಿರೋದಲ್ವಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹುಲಿಗೆ ಸುಳ್ಳು ಹೇಳಬಹುದೇ ಎಂಬುದನ್ನು ದೊಡ್ಡ ದೊಡ್ಡವರೇ ಇನ್ನೂ ಚರ್ಚಿಸುತ್ತಿದ್ದಾರೆ. ಆದರೆ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸತ್ಯವಿದೆ. ಪುಣ್ಯಕೋಟಿ ತನ್ನ ಕರುವಿಗೂ ಸುಳ್ಳು ಹೇಳಲಿಲ್ಲ. ‘ಮೇಯಲು ಹೋಗಿ ಬರುತ್ತೇನೆ’ ಎಂದು ಹೇಳಿ ಹೊರಟುಬಿಡಬಹುದಿತ್ತು. ತಾನು ಹುಲಿಗೆ ಆಹಾರವಾಗಲು ಹೋಗುತ್ತಿರುವುದನ್ನು ಹಾಲು ಕುಡಿಯುವ ಕರುವಿಗೆ ಹೇಳಿ, ಉಳಿದ ಹಸುಗಳಿಗೆ ಅದನ್ನು ಒಪ್ಪಿಸಿ ಹೋದಳು. ಶತ್ರುವಿಗೆ ಕೊಟ್ಟ ಮಾತಿಗಿಂತ, ತನ್ನನ್ನೇ ನಂಬಿದ ಕೂಸಿಗೆ ಹೇಳಿದ ಆ ಸತ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ಧರ್ಮರಾಯನ ಕಥೆಯೂ ಹಾಗೆಯೇ. ಅಶ್ವತ್ಥಾಮ ಎಂಬ ಆನೆ ಸತ್ತದ್ದನ್ನು ದ್ರೋಣರು ತಮ್ಮ ಮಗನೇ ಸತ್ತನೆಂದು ತಿಳಿಯುವಂತೆ ನುಡಿದ. ಹೇಳಿದ್ದು ಎದುರು ಪಕ್ಷದ ಸೇನಾಪತಿಗೆ, ಅದೂ ಯುದ್ಧದ ನಡುವೆ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಹೋಗುತ್ತಿದ್ದ ಅವನ ರಥ ನೆಲಕ್ಕಿಳಿಯಿತು, ಕೊನೆಗೆ ಅವನು ನರಕದ ದರ್ಶನವನ್ನೂ ಮಾಡಬೇಕಾಯಿತು. ಶತ್ರುವಿಗೆ ಹೇಳಿದ ಅರ್ಧ ಸುಳ್ಳಿಗೇ ನಮ್ಮ ಹಿರಿಯರು ಇಷ್ಟು ಲೆಕ್ಕ ಇಟ್ಟರೆ, ಸ್ವಂತ ಜನರಿಗೆ ಹೇಳಿದ ಸುಳ್ಳಿಗೆ ಎಷ್ಟು ಲೆಕ್ಕ ಇಡಬೇಕು?

ಗುಟ್ಟು ಬೇರೆ, ಸುಳ್ಳು ಬೇರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಸೈನ್ಯ ಎಲ್ಲಿದೆ, ನಾಳೆ ಎತ್ತ ಹೋಗುತ್ತದೆ ಎಂಬುದನ್ನು ಯಾವ ಸರ್ಕಾರವೂ ಸಾರುವುದಿಲ್ಲ, ಸಾರಲೂಬಾರದು. ಮನೆಯ ಬೀರುವಿನ ಕೀಲಿ ಎಲ್ಲಿದೆ ಎಂದು ನಾವು ಬೀದಿಯಲ್ಲಿ ಹೇಳುತ್ತೇವೆಯೇ? ಆದರೆ ಬೀರುವಿನಲ್ಲಿ ಏನೂ ಇಲ್ಲದಿರುವಾಗ ‘ತುಂಬಿದೆ’ ಎಂದು ಮನೆಯವರಿಗೇ ಹೇಳಿ, ಅದನ್ನು ನಂಬಿ ಅವರು ಸಾಲ ಮಾಡುವಂತೆ ಮಾಡುವುದು ಗುಟ್ಟಲ್ಲ, ವಂಚನೆ. ಗುಟ್ಟಿಗೆ ಒಂದು ಅವಧಿಯೂ ಇರುತ್ತದೆ. ಅಪಾಯ ಕಳೆದ ಮೇಲೆ ಅದನ್ನು ಬಿಚ್ಚಿ ಹೇಳಬಹುದು. ಸುಳ್ಳಿಗೆ ಮಾತ್ರ ಆ ದಿನ ಬರುವುದೇ ಇಲ್ಲ.

ನಮ್ಮ ದೇಶದ ಮಟ್ಟಿಗೆ ಈ ವಿಚಾರ ಬಂದಾಗ ನನಗೆ ನೆನಪಾಗುವುದು 1962ರ ಚೀನಾ ಯುದ್ಧ. ಅಕ್ಸಾಯ್ ಚಿನ್‌ನಲ್ಲಿ ನಾವು ನಮ್ಮದೆನ್ನುವ ನೆಲದ ಮೇಲೆ ಚೀನಾ ರಸ್ತೆ ಮಾಡಿ, 1957ರಲ್ಲಿ ಅದು ಮುಗಿಯಿತೆಂದು ತಾನೇ ಪ್ರಕಟಿಸಿತು. 1958ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಚೀನಾಕ್ಕೆ ಆಕ್ಷೇಪದ ಪತ್ರ ಬರೆಯಿತು. ಆದರೆ ಪ್ರಧಾನಿ ನೆಹರೂ ಅವರು ಈ ರಸ್ತೆಯ ಸಂಗತಿಯನ್ನು ಸಂಸತ್ತಿಗೆ ತಿಳಿಸಿದ್ದು 1959ರ ಆಗಸ್ಟ್ ಕೊನೆಯಲ್ಲಿ. ಮಾತುಕತೆಯಿಂದ ಬಗೆಹರಿದೀತು, ಜನ ಸುಮ್ಮನೆ ಕೆರಳುವುದು ಬೇಡ ಎಂಬ ಆಸೆ ಅವರಿಗೆ ಇದ್ದೀತು. ಆದರೂ ನೋಡಿ, ರಸ್ತೆ ಮಾಡಿದವರಿಗೆ ರಸ್ತೆ ಗೊತ್ತಿತ್ತು, ಪತ್ರ ಬರೆದವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಈ ದೇಶದ ಜನ ಮಾತ್ರ.

ಅದೇ ವಾರ ನಮ್ಮ ಕೊಡಗಿನ ಮಗ, ಭೂಸೇನೆಯ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಕೆಲಸ ಮಾಡಲಾಗದೆ ರಾಜೀನಾಮೆ ಕೊಟ್ಟರು. ನೆಹರೂ ಅವರು ಕರೆದು ಸಮಾಧಾನ ಹೇಳಿ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಆಮೇಲೆ 1959ರ ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ, ಅವೆಲ್ಲ ಸ್ವಭಾವದ ಭೇದದಿಂದ ಬಂದ ಸಣ್ಣಪುಟ್ಟ ಸಂಗತಿಗಳು ಎಂಬ ಅರ್ಥ ಬರುವಂತೆ ಮಾತಾಡಿ, ಜನರಲ್‌ರನ್ನೇ ಆಕ್ಷೇಪಿಸಿದರು. ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕಿಯರು ಅಲ್ಲಿನ ಕೋವಿ, ಪದಕಗಳ ಜೊತೆಗೆ ಆ ರಾಜೀನಾಮೆಯ ಕಥೆಯನ್ನೂ ಮಕ್ಕಳಿಗೆ ಹೇಳಬೇಕು.

1962ರ ಅಕ್ಟೋಬರ್ 12ರಂದು ನೆಹರೂ ಅವರು ಸಿಲೋನಿಗೆ ಹೊರಡುವಾಗ, ನಮ್ಮ ನೆಲದಿಂದ ಚೀನೀಯರನ್ನು ತೆರವು ಮಾಡಲು ಸೈನ್ಯಕ್ಕೆ ಸೂಚನೆ ಕೊಟ್ಟಿರುವುದಾಗಿ ಪತ್ರಕರ್ತರಿಗೆ ಹೇಳಿದರು. ಕೇಳಿದವರಿಗೆಲ್ಲ ಹೆಮ್ಮೆ. ಆದರೆ ನಮ್ಕಾ ಚು ಎಂಬ ಹಿಮದ ಹೊಳೆಯ ದಂಡೆಯಲ್ಲಿ ನಮ್ಮ ಸೈನಿಕರು ಬೇಸಿಗೆಯ ಹತ್ತಿ ಬಟ್ಟೆ, ಕ್ಯಾನ್ವಾಸ್ ಬೂಟುಗಳಲ್ಲಿ ನಿಂತಿದ್ದರು. ಎಂಟು ದಿನಕ್ಕೆ ಚೀನಾ ಮೇಲೆ ಬಿತ್ತು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನ ನಿಲ್ಲಿಸುವ ಹೊತ್ತಿಗೆ, ಸರ್ಕಾರದ ಲೆಕ್ಕದಲ್ಲೇ ನಮ್ಮವರು 1,383 ಮಂದಿ ಸತ್ತಿದ್ದರು, ಸುಮಾರು 1,700 ಮಂದಿ ಕಾಣೆಯಾಗಿದ್ದರು. ಕಾಣೆಯಾದವರ ಹೆಂಡತಿ ಕುಂಕುಮ ಇಡಬೇಕೋ ಅಳಿಸಬೇಕೋ ಎಂದು ಯಾರನ್ನು ಕೇಳಬೇಕಿತ್ತು?

ಈಗ ಹೆಂಗಸರ ಮಾತಿಗೆ ಬರುತ್ತೇನೆ. ಆಗ ನಮ್ಮದು ಮೈಸೂರು ರಾಜ್ಯ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ರಾಷ್ಟ್ರೀಯ ರಕ್ಷಣಾ ನಿಧಿಗೆ ದೇಶದ ಉದ್ದಗಲಕ್ಕೂ ಹೆಂಗಸರು ಮೈಮೇಲಿನ ಚಿನ್ನ ಬಿಚ್ಚಿಕೊಟ್ಟರು. ನನ್ನ ಅಜ್ಜಿ ತನ್ನ ಬುಗುಡಿ ಕೊಟ್ಟಳಂತೆ. ನಾನು ನೋಡುವ ಕಾಲಕ್ಕೆ ಅವಳ ಕಿವಿಯ ಮೇಲ್ಗಡೆಯ ತೂತಿನಲ್ಲಿ ಬೇವಿನ ಕಡ್ಡಿಯಿತ್ತು. ಮರುವರ್ಷ ಮತ್ತೆ ಮಾಡಿಸೋಣವೆಂದರೆ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು, 14 ಕ್ಯಾರಟ್‌ಗಿಂತ ಹೆಚ್ಚಿನ ಒಡವೆ ಮಾಡುವಂತಿರಲಿಲ್ಲ. ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು. “ಆ ಬಂಗಾರ ಏನಾಯ್ತಜ್ಜಿ?” ಎಂದು ನಾನು ಕೇಳಿದರೆ, “ದೇವ್ರಿಗೆ ಕೊಟ್ಟಿದ್ದನ್ನ, ದೇಶಕ್ಕೆ ಕೊಟ್ಟಿದ್ದನ್ನ ಕೇಳಬಾರ್ದು ಕಣವ್ವಾ” ಎನ್ನುತ್ತಿದ್ದಳು.

ಅಜ್ಜಿಯ ದೊಡ್ಡಗುಣಕ್ಕೆ ಕೈಮುಗಿಯುತ್ತೇನೆ, ಮಾತನ್ನು ಒಪ್ಪುವುದಿಲ್ಲ. ಕೊಟ್ಟದ್ದನ್ನು ವಾಪಸು ಕೇಳಬಾರದು, ನಿಜ. ಆದರೆ ಕೊಡಬೇಕಾದ ಪರಿಸ್ಥಿತಿ ಏಕೆ ಬಂತು ಎಂದು ಕೇಳಬಾರದೇ? ಬಂಗಾರ ಕೊಟ್ಟವಳಿಗೂ ಮಗನನ್ನು ಕೊಟ್ಟವಳಿಗೂ ಆ ಹಕ್ಕು ಇಲ್ಲವೆಂದರೆ ಇನ್ನು ಯಾರಿಗಿದೆ?

ಉತ್ತರ ಹೇಳುವ ಕೆಲಸ ಆಗ ನಡೆಯಲೇ ಇಲ್ಲವೆಂದರೆ ತಪ್ಪಾಗುತ್ತದೆ. ಮೆನನ್ ಅವರು ನವೆಂಬರ್ ಮೊದಲ ವಾರ ಸಂಪುಟದಿಂದಲೇ ಹೊರಹೋಗಬೇಕಾಯಿತು. ನಾವು ನಾವೇ ಕಟ್ಟಿಕೊಂಡ ಕೃತಕ ವಾತಾವರಣದಲ್ಲಿ ಬದುಕುತ್ತಿದ್ದೆವು ಎಂಬ ಅರ್ಥದ ಮಾತನ್ನು ನೆಹರೂ ಅವರೇ ಆಡಿದರು. ಯುದ್ಧದ ನಡುವೆಯೇ ಸಂಸತ್ತು ಸೇರಿತು, ಮುಂದೆ 1963ರ ಆಗಸ್ಟ್‌ನಲ್ಲಿ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಅವರು ಎದುರಿಸಿದರು. ಆಗ ರಾಷ್ಟ್ರಪತಿಗಳಾಗಿದ್ದವರು ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್. ನಮ್ಮ ಭೋಳೆತನ ಮತ್ತು ನಿರ್ಲಕ್ಷ್ಯದಿಂದ ಹೀಗಾಯಿತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೇಷ್ಟ್ರಾಗಿದ್ದವರಿಗೆ ತಪ್ಪನ್ನು ತಪ್ಪೆನ್ನುವ ಅಭ್ಯಾಸ ಬಿಟ್ಟುಹೋಗುವುದಿಲ್ಲವೇನೋ!

ಆದರೆ ಸೋಲಿಗೆ ಕಾರಣ ಹುಡುಕಲು ಸೇನೆಯೇ ನೇಮಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಅಧಿಕಾರಿಗಳ ವರದಿ 1963ರಲ್ಲೇ ಸಿದ್ಧವಾಯಿತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವ ಚವಾಣ್ ಅವರು ಅದರ ಸಾರವೆಂದು ಸಂಸತ್ತಿಗೆ ಒಂದಿಷ್ಟು ಹೇಳಿದ್ದು ಬಿಟ್ಟರೆ, ಪೂರ್ತಿ ವರದಿಯನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಎಷ್ಟೋ ಪಕ್ಷಗಳ ಸರ್ಕಾರಗಳು ಬಂದು ಹೋದವು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತರು ತಮ್ಮಲ್ಲಿದ್ದ ಭಾಗವನ್ನು ಹೊರಹಾಕಿದರು. ನಮ್ಮ ಮನೆಯ ಲೆಕ್ಕವನ್ನು ಪರಊರಿನವರು ಓದಿ ಹೇಳುವಂತಾಯಿತು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ ಅಧ್ಯಕ್ಷರದೇ ಆಳ್ವಿಕೆ. 1964ರ ಆಗಸ್ಟ್ 4ರಂದು ಟೊಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡನೆಯ ಸಲ ದಾಳಿಯಾಯಿತೆಂದು ಅಧ್ಯಕ್ಷ ಜಾನ್ಸನ್ ಜನರಿಗೆ ಹೇಳಿದರು. ಅಂಥ ದಾಳಿ ನಡೆದೇ ಇರಲಿಲ್ಲ. ಮೂರೇ ದಿನದಲ್ಲಿ ಅಲ್ಲಿನ ಸಂಸತ್ತು ವಿಯೆಟ್ನಾಂ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು, ಬೇಡವೆಂದವರು ಇಬ್ಬರೇ ಸದಸ್ಯರು. ಅಮೆರಿಕದ 58,000ಕ್ಕೂ ಹೆಚ್ಚು ಸೈನಿಕರು, ಲಕ್ಷಾಂತರ ವಿಯೆಟ್ನಾಮೀಯರು ಸತ್ತರು. ಬರಬರುತ್ತಾ ಅಲ್ಲಿನ ಜನಕ್ಕೇ ಆ ಯುದ್ಧ ಬೇಡವಾಯಿತು. 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಎಂಬ ಅಧಿಕಾರಿ ಜೈಲಿಗೂ ಹೆದರದೆ ಸರ್ಕಾರದ್ದೇ ಗುಪ್ತ ಕಡತಗಳನ್ನು ಪತ್ರಿಕೆಗೆ ಕೊಟ್ಟಾಗ, ಒಳಗೆ ತಿಳಿದದ್ದೇ ಒಂದು, ಹೊರಗೆ ಹೇಳಿದ್ದೇ ಒಂದು ಎಂಬುದು ಬಯಲಾಯಿತು.

ಮುಂದಿನ ಅಧ್ಯಕ್ಷ ನಿಕ್ಸನ್ 1969ರಿಂದ ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬು ಹಾಕಿಸಿದರು. ಗುಟ್ಟು ಯಾರಿಂದ? ಬಾಂಬು ಬಿದ್ದವರಿಗೆ ಅದು ಬಿದ್ದದ್ದು ಗೊತ್ತಿರಲಿಲ್ಲವೇ? ಅದು ಗೊತ್ತಾಗಬಾರದಿದ್ದದ್ದು ಅಮೆರಿಕದ ತಾಯಂದಿರಿಗೆ. 1974ರಲ್ಲಿ ಅವರ ಮೇಲೆ ಆರೋಪಪಟ್ಟಿ ಸಿದ್ಧವಾದಾಗ, ಈ ಬಾಂಬಿನ ಸುಳ್ಳನ್ನೂ ಸೇರಿಸಬೇಕೆಂಬ ಸಲಹೆಯನ್ನು ಸಮಿತಿ 26ಕ್ಕೆ 12 ಮತಗಳಿಂದ ತಳ್ಳಿಹಾಕಿತು. ಅವರು ಅಧಿಕಾರ ಬಿಟ್ಟದ್ದು ವಾಟರ್‌ಗೇಟ್ ಕಟ್ಟಡದ ಕಳ್ಳತನವನ್ನು ಮುಚ್ಚಿಟ್ಟದ್ದಕ್ಕೆ. ಬಳಪ ಕದ್ದ ಹುಡುಗನಿಗೆ ಶಿಕ್ಷೆ, ಶಾಲೆಗೇ ಬೆಂಕಿ ಇಟ್ಟವನಿಗೆ ಕ್ಷಮೆ ಎಂದಂತಾಯಿತು.

ಇಷ್ಟನ್ನೂ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಶತ್ರುವಿಗೆ ತಿಳಿಯಬಾರದೆಂದು ಹೇಳಿದ ಸುಳ್ಳು ಎನ್ನುತ್ತಾರೆ, ಆದರೆ ಶತ್ರುವಿಗೆ ಅದು ಮೊದಲೇ ಗೊತ್ತಿರುತ್ತದೆ. ಸುಳ್ಳು ಹೇಳಿದ್ದು ತೆರಿಗೆ ಕೊಟ್ಟವರಿಗೆ, ಬಂಗಾರ ಕೊಟ್ಟವರಿಗೆ, ಮಗನನ್ನು ಕೊಟ್ಟವರಿಗೆ. ಅವರು ನಂಬಿ ಕೊಟ್ಟದ್ದರಿಂದಲೇ ಅದು ಬರಿಯ ತಪ್ಪಲ್ಲ, ನಂಬಿಕೆದ್ರೋಹ. ಹೇಳಿದವರು ಒಳ್ಳೆಯವರಿರಬಹುದು, ದೇಶವನ್ನು ಪ್ರೀತಿಸಿದವರಿರಬಹುದು. ನೆಹರೂ ಅವರ ದೇಶಪ್ರೇಮವನ್ನು ಯಾರು ಅನುಮಾನಿಸುತ್ತಾರೆ? ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಲೆಕ್ಕ ಮನ್ನಾ ಆಗುವುದಿಲ್ಲ. 1956ರಲ್ಲಿ ಅರಿಯಲೂರಿನ ರೈಲು ಅಪಘಾತಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಮಂತ್ರಿಪದವಿ ಬಿಟ್ಟಾಗ, ರೈಲು ಓಡಿಸಿದ್ದು ನಾನಲ್ಲ ಎನ್ನಲಿಲ್ಲ.

ಈಗ ಊರೂರಿನ ಸ್ತ್ರೀಶಕ್ತಿ ಸಂಘಗಳಲ್ಲಿ ಓದುಬರಹ ಅಷ್ಟಾಗಿ ಬಾರದ ಹೆಂಗಸರೂ ವಾರದ ಉಳಿತಾಯದ ಲೆಕ್ಕ ಓದಿಸಿ ಕೇಳುತ್ತಾರೆ. ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ “ಎಲ್ಲಿ ಹೋತು ಹೇಳ್ರವ್ವ” ಎನ್ನುತ್ತಾರೆ. ಅದರಿಂದ ಯಾವ ಸಂಘವೂ ಮುರಿದಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ದೇಶದ ಲೆಕ್ಕವನ್ನೂ ಅದೇ ದನಿಯಲ್ಲಿ, ಅದೇ ಹಕ್ಕಿನಿಂದ ಕೇಳಲು ನಮ್ಮ ಹೆಣ್ಣುಮಕ್ಕಳು ಕಲಿಯಲಿ. ಯುದ್ಧ ನಡೆಯುವಾಗ ಕೇಳಬೇಡ ಎಂದರೆ ಸ್ವಲ್ಪ ಕಾಯೋಣ. ಮುಗಿದು ಅರವತ್ತು ವರ್ಷವಾದ ಮೇಲೂ ಕೇಳಬೇಡ ಎಂದರೆ, ಅದು ದೇಶದ ಗುಟ್ಟಲ್ಲ, ಆಳಿದವರ ಮುಜುಗರ. ಅದನ್ನು ಕಾಯುವ ಕರ್ತವ್ಯ ನಮ್ಮದಲ್ಲ.