ಎಲೆಯಾಟದಲ್ಲಿ ಆಡುವ ಸುಳ್ಳು ಸುಳ್ಳಾಗುವದೋ?



ಸುಗ್ಗಿ ಮುಗಿದು ಮಕ್ಕಳಿಗೆ ಬೇಸಿಗೆಯ ಸೂಟಿ ಬಂದಾಗ, ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಬಿಸಿಲು ಇಳಿಯುವ ತನಕ ಪಡಸಾಲೆಯಲ್ಲಿ ಇಸ್ಪೀಟೆಲೆಗಳನ್ನು ಹಾಕಿಕೊಂಡು ಕೂಡ್ರುವದು ಅನೇಕ ಮನೆಗಳಲ್ಲಿ ಉಂಟು. ಹಣವಿಲ್ಲದೆ ಮನೆಯವರು ಮನೆಯವರೇ ಆಡುವ ಈ ಆಟದ ವಿಷಯವಾಗಿ ಒಂದು ಪ್ರಶ್ನೆ ಹುಟ್ಟುತ್ತದೆ. ಅದೇನಂದರೆ, ಕೈಯಲ್ಲಿ ಇಲ್ಲದ ಎಲೆಯನ್ನು ಇದೆಯೆಂದು ಹೇಳಿ ಗೆಲ್ಲುವ ಆಟವೂ ಇವುಗಳಲ್ಲಿ ಒಂದಿದೆಯಲ್ಲಾ. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಕಲಿಸುವ ತಂದೆತಾಯಿಗಳು ಅದನ್ನು ಕಂಡು ನಗಬಹುದೋ, ಇಲ್ಲವೆ ಗದರಿಸತಕ್ಕದ್ದೋ? ಆಟದ ಮಾತಿಗೆ ಲೆಕ್ಕವೇನು ಎಂದು ಕೆಲವರು ಹೇಳುವರು. ಎಲೆಗಳೇ ಕೆಟ್ಟವು, ಒಲೆಗೆ ಹಾಕಿರಿ ಎಂದು ಬೇರೆ ಕೆಲವರು ಹೇಳುವರು. ಈ ಎರಡು ಉತ್ತರಗಳೂ ಆಟವನ್ನು ಸರಿಯಾಗಿ ನೋಡದೆ ಕೊಟ್ಟವುಗಳೆಂದು ನಮಗೆ ತೋರುತ್ತದೆ. ಆದದರಿಂದ ಮೊದಲು ಆಟಗಳು ಎಂಥವುಗಳೆಂದು ತಿಳಿದುಕೊಂಡು, ಆಮೇಲೆ ತೀರ್ಪನ್ನು ಹುಡುಕುವಾ.

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಇಸ್ಪೀಟು, ಕಳಾವರ, ಆಟೀನು, ಡೈಮಂಡು ಎಂಬ ನಾಲ್ಕು ರಂಗುಗಳು. ಒಂದೊಂದು ರಂಗಿಗೆ ಎಕ್ಕ ಮೊದಲುಗೊಂಡು ಗುಲಾಮ, ರಾಣಿ, ರಾಜ ಸಹಿತವಾಗಿ 13 ಎಲೆಗಳು. ಪೂರ್ವದಲ್ಲಿ ಮೈಸೂರಿನ ಅರಮನೆಯಲ್ಲಿಯೂ ಘಟ್ಟದ ಕೆಳಗಿನ ಸಾವಂತವಾಡಿಯಲ್ಲಿಯೂ ಬಣ್ಣ ಬರೆದ ಗಂಜೀಫಾ ಎಲೆಗಳಿಂದ ಆಡುತ್ತಿದ್ದ ಆಟದಲ್ಲಿ ಹೆಚ್ಚು ಎಲೆಗಳನ್ನು ಗೆದ್ದು ಕೂಡಿಸಿಕೊಂಡವನೇ ದೊಡ್ಡವನು. ನಾವು ಈಗ ಹೇಳುವ ಮೂರು ಆಟಗಳಾದರೋ ಇದಕ್ಕೆ ವಿರೋಧವಾದವುಗಳು. ಇವುಗಳಲ್ಲಿ ಕೈಯಲ್ಲಿರುವದನ್ನೆಲ್ಲಾ ಬೇಗನೆ ಕಳೆದುಕೊಂಡು ಬರಿಗೈಯಾದವನೇ ಗೆದ್ದವನು.

ಮೊದಲನೆಯದು ಕತ್ತೆಯಾಟ. ಎಲೆಗಳನ್ನೆಲ್ಲಾ ಸಮನಾಗಿ ಹಂಚಿದ ಮೇಲೆ, ಇಸ್ಪೀಟಿನ ಎಕ್ಕವಿದ್ದವನು ಅದನ್ನು ಹಾಕಿ ಆರಂಭಿಸುವನು. ಉಳಿದವರು ಸರದಿಯಿಂದ ಅದೇ ರಂಗಿನ ಎಲೆಯನ್ನು ಹಾಕತಕ್ಕದ್ದು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದ ಹೊರಗಾಗುವವು. ದೊಡ್ಡ ಎಲೆಯನ್ನು ಹಾಕಿದವನು ಮುಂದಿನ ಸುತ್ತನ್ನು ನಡಿಸುವನು. ಒಬ್ಬನಲ್ಲಿ ಆ ರಂಗು ಇಲ್ಲದಿದ್ದರೆ ಅವನು ಬೇರೆ ರಂಗಿನ ಎಲೆಯನ್ನು ಹಾಕುವನು. ಕೂಡಲೇ ಸುತ್ತು ನಿಂತು, ಆ ತನಕ ದೊಡ್ಡ ಎಲೆಯನ್ನು ಹಾಕಿದವನು ಬಿದ್ದ ಎಲೆಗಳನ್ನೆಲ್ಲಾ ಎತ್ತಿಕೊಳ್ಳಬೇಕು. ಎಲೆಗಳು ತೀರಿದವರು ಒಬ್ಬೊಬ್ಬರಾಗಿ ಪಾರಾಗುವರು. ಕೊನೆಗೆ ಹೊರೆ ಹೊತ್ತು ಉಳಿದವನಿಗೆ ಕತ್ತೆಯೆಂದು ಹೆಸರು.

ಎರಡನೆಯದನ್ನು ಗಡಿಸೀಮೆಯವರು ಮರಾಠಿಯ ಹೆಸರಿನಿಂದ ಬದಾಮ ಸಾತ ಎನ್ನುವರು. ಬದಾಮವೆಂದರೆ ಆಟೀನು. ಆಟೀನಿನ ಏಳು ಮೊದಲು ಬೀಳಬೇಕು. ಅದರ ಮೇಲೆ ಎಂಟು, ಒಂಭತ್ತು ಎಂದು ಏರುತ್ತಲೂ, ಆರು, ಐದು ಎಂದು ಇಳಿಯುತ್ತಲೂ ಸಾಲು ಬೆಳೆಯುವದು; ಮಿಕ್ಕ ರಂಗುಗಳ ಏಳುಗಳಿಂದಲೂ ಹೊಸ ಸಾಲುಗಳು ಆಗುವವು. ಸಾಲಿಗೆ ಹೊಂದುವ ಎಲೆ ಇಲ್ಲದವನು ಇಲ್ಲವೆಂದು ಹೇಳಿ ಸರದಿಯನ್ನು ಬಿಡುವನು. ಇದ್ದವನು ಹಾಕಲೇಬೇಕೆಂಬದು ಅನೇಕರ ಕಟ್ಟಳೆ.

ಮೂರನೆಯದು ಬ್ಲಫ್. ಇದರಲ್ಲಿ ಒಬ್ಬನು ಎಲೆಗಳನ್ನು ಮುಖ ಕೆಳಗಾಗಿಟ್ಟು, ಮೂರು ರಾಣಿ ಎಂದೋ ಎರಡು ಹತ್ತು ಎಂದೋ ಹೇಳುವನು. ಹೇಳಿದ್ದು ನಿಜವಾಗಿರಬಹುದು, ಸುಳ್ಳಾಗಿರಬಹುದು. ಸಂಶಯವುಳ್ಳವನು ಅವುಗಳನ್ನು ತೆರೆದು ನೋಡಬಹುದು. ಸುಳ್ಳಾಗಿದ್ದರೆ ಹೇಳಿದವನು ರಾಶಿಯನ್ನೆಲ್ಲಾ ಎತ್ತಿಕೊಳ್ಳುವನು. ನಿಜವಾಗಿದ್ದರೆ ಸಂಶಯಪಟ್ಟವನಿಗೆ ಆ ಹೊರೆ. ನಮ್ಮ ಪ್ರಶ್ನೆಯು ಇಲ್ಲಿಂದಲೇ ಹುಟ್ಟಿತು.

ಸುಳ್ಳೆಂದರೇನು? ಬಾಯಿಯ ಮಾತು ಇದ್ದ ಸಂಗತಿಗೆ ಹೊಂದದಿರುವದೇ ಸುಳ್ಳೆಂದರೆ, ಮಗುವಿಗೆ ಹೇಳುವ ನರಿಯ ಕಥೆಯೂ ಸುಳ್ಳಾದೀತು. ಬಯಲಾಟದಲ್ಲಿ ನಾನೇ ರಾಜನೆಂದು ನಿಲ್ಲುವ ಒಕ್ಕಲಿಗನು ಮೋಸಗಾರನಾದಾನು. ಹಾಗೆ ಯಾರೂ ಎಣಿಸುವದಿಲ್ಲ. ನಿನ್ನ ಮಾತನ್ನು ನಂಬಿ ನಡೆಯುವ ಹಕ್ಕುಳ್ಳವನನ್ನು ಆ ನಂಬಿಕೆಯಿಂದಲೇ ಕೆಡವುವದು ಸುಳ್ಳಿನ ತಿರುಳು. ಬ್ಲಫ್ ಆಟದಲ್ಲಿ ಹೀಗೆ ನಂಬಿ ಕೂತವನು ಯಾರೂ ಇಲ್ಲ. ನನ್ನ ಮಾತನ್ನು ಸಂಶಯಪಡು ಎಂಬದೇ ಅಲ್ಲಿನ ಕರಾರು. ಎಲ್ಲರೂ ಆ ಕರಾರನ್ನು ತಿಳಿದು, ಮನಸ್ಸಿನಿಂದ ಒಪ್ಪಿ ಕೂತಿದ್ದಾರೆ. ಮಾತನ್ನು ಪರೀಕ್ಷಿಸುವ ಅಧಿಕಾರವು ಪ್ರತಿಯೊಬ್ಬನಿಗೂ ಉಂಟು. ಸಿಕ್ಕಿಬಿದ್ದವನಿಗೆ ದಂಡವೂ ಉಂಟು. ಆದದರಿಂದ ಆ ಮಾತು ಅಪರಾಧವಲ್ಲವೆಂದು ನಾವು ಹೇಳುತ್ತೇವೆ.

ಈಗ ಕತ್ತೆಯಾಟಕ್ಕೆ ತಿರುಗಿರಿ. ಒಬ್ಬನು ಆಟೀನಿನ ಎಲೆಯನ್ನು ಕೈಯಲ್ಲಿ ಇಟ್ಟುಕೊಂಡೇ, ಇಲ್ಲದವನಂತೆ ಕಳಾವರವನ್ನು ಹಾಕುತ್ತಾನೆ. ರಾಜನನ್ನು ಹಾಕಿದ ತಂಗಿಯು ಎಲೆಗಳನ್ನೆಲ್ಲಾ ಎತ್ತಿಕೊಳ್ಳುತ್ತಾಳೆ. ಅವನು ಬಾಯಿಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಆದರೂ ಅವನು ಸುಳ್ಳುಗಾರನು. ಯಾಕಂದರೆ ಈ ಆಟದಲ್ಲಿ ಬೇರೆ ರಂಗನ್ನು ಹಾಕುವದೇ ನನ್ನಲ್ಲಿ ಆ ರಂಗಿಲ್ಲ ಎಂಬ ಸಾಕ್ಷಿ. ಆ ಸಾಕ್ಷಿಯನ್ನು ಪರೀಕ್ಷಿಸುವ ದಾರಿಯನ್ನು ಆಟವು ಇಡಲಿಲ್ಲ. ಎಲ್ಲರೂ ಅವನನ್ನು ನಂಬಿಯೇ ಆಡುತ್ತಾರೆ. ಅದೇ ಕಟ್ಟು, ಅದೇ ಮಧ್ಯಾಹ್ನ, ಅದೇ ಜನರು. ಒಂದರಲ್ಲಿ ಬಾಯಿಂದ ನುಡಿದ ಸುಳ್ಳು ಆಟವಾಗಿದೆ, ಇನ್ನೊಂದರಲ್ಲಿ ಮೌನವೇ ಸುಳ್ಳಾಗಿದೆ. ಇದನ್ನು ಗುರುತಿಸುವದಕ್ಕೆ ಮಕ್ಕಳಿಗೂ ತಿಳಿಯುವ ಒಂದು ಪರೀಕ್ಷೆ ಉಂಟು. ಬ್ಲಫಿನಲ್ಲಿ ಸಿಕ್ಕಿಬಿದ್ದಾಗ ಎಲ್ಲರೂ ನಗುವರು, ಸಿಕ್ಕಿದವನೂ ನಗುವನು. ಕತ್ತೆಯಾಟದಲ್ಲಿ ಬಚ್ಚಿಟ್ಟ ಆಟೀನು ಹೊರಗೆ ಬಿದ್ದಾಗ ಯಾರೂ ನಗುವದಿಲ್ಲ; ಆಟವು ಅಲ್ಲಿಗೆ ಮುರಿಯುವದು. ಆಮೇಲೆ ಎಲ್ಲರ ಮುಂದೆ ನಗುತ್ತಾ ಹೇಳಿಕೊಳ್ಳಲಾರದ ಜಾಣತನವು ಆಟದ ಜಾಣತನವಲ್ಲ.

ಒಬ್ಬಾನೊಬ್ಬನು ಇದಕ್ಕೆ ಎದುರಾಗಿ ಹೇಳಬಹುದು: ನಾಲಿಗೆಗೆ ರೂಢಿಯಾದದ್ದು ಸಂತೆಯಲ್ಲಿಯೂ ಬರುವದಲ್ಲವೋ? ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಆಟಕ್ಕೂ ಬಾಳಿಗೂ ನಡುವೆ ಇರುವ ಹೊಸ್ತಿಲನ್ನು ಇನ್ನೂ ಅರಿಯದ ಚಿಕ್ಕ ಮಗುವಿಗೆ ಬ್ಲಫ್ ಆಟವನ್ನು ಕಲಿಸುವದು ಯುಕ್ತವಲ್ಲ. ಅದಕ್ಕೆ ಕತ್ತೆಯಾಟ ಸಾಕು. ಆದರೆ ಹೊಸ್ತಿಲನ್ನು ಅರಿತ ಹುಡುಗನು ಈ ಆಟದಿಂದ ಒಂದು ಒಳ್ಳೇದನ್ನೂ ಕಲಿಯುವನು: ಸುಳ್ಳು ಎಂಥಾ ಧೈರ್ಯದ ಮುಖವನ್ನು ಹಾಕಿಕೊಂಡು ಬರುವದೆಂಬದನ್ನು ನಷ್ಟವಿಲ್ಲದೆ ನೋಡುವನು. ಬಣ್ಣದ ಮಾತಿಗೆ ಮರುಳಾಗಿ ದುಡ್ಡು ಕೊಟ್ಟು ಕೆಟ್ಟವರು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ.

ಬದಾಮ ಸಾತ ಆಟವು ಇನ್ನೂ ಸೂಕ್ಷ್ಮವಾದ ವಿಷಯವನ್ನು ತೋರಿಸುತ್ತದೆ. ನನ್ನ ಕೈಯಲ್ಲಿ ಡೈಮಂಡಿನ ಏಳು ಇದೆ. ಅದು ಬೀಳುವ ತನಕ ಡೈಮಂಡಿನ ಬೇರೆ ಯಾವ ಎಲೆಯೂ ಬೀಳದು. ಹಾಕತಕ್ಕ ಬೇರೆ ಎಲೆ ನನ್ನಲ್ಲಿರುವ ವರೆಗೂ ಅದನ್ನು ಹಾಕಿ ಏಳನ್ನು ತಡೆಹಿಡಿಯುವದು ನ್ಯಾಯವೇ. ಆಟದ ಸ್ವಾರಸ್ಯವೇ ಅದರಲ್ಲಿದೆ. ಆದರೆ ಏಳೊಂದೇ ಉಳಿದಿರುವಾಗ ಇಲ್ಲವೆಂದು ಹೇಳಿ ಸರದಿಯನ್ನು ಬಿಟ್ಟರೆ, ಅದು ಮೋಸ. ಈ ಮೋಸವು ಆಟದಲ್ಲಿ ಮಾತ್ರ ಇಲ್ಲ. ಧೂಪದಾಳದ ಒಡ್ಡಿನಿಂದ ಬರುವ ಘಟಪ್ರಭೆಯ ಕಾಲುವೆಯ ನೀರಿಗೆ ಪಾಳಿ ಕಟ್ಟಿಕೊಂಡ ಹೊಲಗಳನ್ನು ನೋಡಿರಿ. ಮೇಲಿನ ಹೊಲದವನು ತನ್ನ ಪಾಳಿ ತೀರಿದ ಮೇಲೂ ಮಡೆಯನ್ನು ತಿರುಗಿಸದೆ, ನೀರೇ ಬರಲಿಲ್ಲವೆಂದು ಕೆಳಗಿನವನಿಗೆ ಹೇಳಿದರೆ, ಅವನು ತಡೆಹಿಡಿದದ್ದು ಡೈಮಂಡಿನ ಏಳನ್ನಲ್ಲ, ನೆರೆಯವನ ಕಬ್ಬನ್ನು. ಆಟಕ್ಕೆ ಕೂತವನು ಒಪ್ಪಿ ಕೂತನು, ಬೇಸರವಾದರೆ ಎದ್ದು ಹೋದಾನು. ಕೆಳಗಿನ ಹೊಲದವನಾದರೋ ಎಲ್ಲಿಗೆ ಎದ್ದು ಹೋದಾನು? ವ್ಯಾಪಾರವೆಲ್ಲಾ ಒಂದು ಆಟವೇ, ಅದರಲ್ಲಿ ಸುಳ್ಳು ನಡೆಯತಕ್ಕದ್ದೇ ಎಂದು ಹೇಳುವವರಿಗೆ ಇದೇ ನಮ್ಮ ಉತ್ತರ.

ಇನ್ನು ಹಣದ ವಿಷಯ. ಬೆಳಗಾವಿಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ 1887ರ ಜೂಜು ಪ್ರತಿಬಂಧಕ ಕಾಯಿದೆಯೂ, ತರುವಾಯ 1963ರ ಕರ್ನಾಟಕ ಪೊಲೀಸು ಕಾಯಿದೆಯೂ ಜೂಜುಕಟ್ಟೆಗಳನ್ನು ದಂಡನೆಗೆ ಗುರಿಮಾಡಿದವು. 1968ರಲ್ಲಿ ಸುಪ್ರೀಮ್ ಕೋರ್ಟು ರಮ್ಮಿಯು ಬಹುಮಟ್ಟಿಗೆ ಕುಶಲತೆಯ ಆಟವೆಂದು ಹೇಳಿತು. ಫೋನಿನಲ್ಲಿ ಆಡುವ ಹಣದ ಆಟಗಳನ್ನು ತಡೆಯಲು ನಮ್ಮ ರಾಜ್ಯವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕುಶಲತೆಯದ್ದಾಗಲಿ ಅದೃಷ್ಟದ್ದಾಗಲಿ, ಅಂಥಾ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಕುಶಲತೆಯೋ ಅದೃಷ್ಟವೋ ಎಂಬದು ಕೋರ್ಟುಗಳು ಬಹುಕಾಲ ತೂಗಿದ ಪ್ರಶ್ನೆ. ನಮ್ಮ ಪ್ರಶ್ನೆ ಬೇರೆ. ಹಣವನ್ನು ಇಟ್ಟ ಕ್ಷಣವೇ, ನಷ್ಟವು ಎಲೆಗಳೊಂದಿಗೆ ತೀರಿಹೋಗುವದೆಂಬ ಕರಾರು ಮುರಿಯುವದು. ಕತ್ತೆಯಾದವನ ಹೊರೆಯು ಎಲೆಗಳನ್ನು ಕಲಸಿದ ಕೂಡಲೆ ಇಳಿಯುವದು. ಕೂಲಿಯನ್ನು ಸೋತವನ ಹೊರೆಯು ಮನೆಗೆ ಬರುವದು. ಆ ಹೊರೆಯನ್ನು ಹೊರುವ ಹೆಂಡತಿಮಕ್ಕಳು ಆಟಕ್ಕೆ ಕೂತವರಲ್ಲ, ಯಾವ ಕರಾರಿಗೂ ಒಪ್ಪಿದವರಲ್ಲ. ಕೈ ಬರಿದಾದವನು ಗೆಲ್ಲುವ ಆಟವು ಕೈ ಬರಿದಾದವನು ಕೆಡುವ ಆಟವಾಗಿ ಮಾರ್ಪಡುವದು.

ಹೀಗಿರಲಾಗಿ, ಎಲೆಗಳನ್ನು ಒಲೆಗೆ ಹಾಕಬೇಕೆಂದು ನಾವು ಹೇಳುವದಿಲ್ಲ. ಆಟದಲ್ಲಿ ಏನು ನಡೆದರೂ ಸರಿಯೆಂದೂ ಹೇಳುವದಿಲ್ಲ. ಆಡುವ ಮನೆಯವರು ಈ ಕಟ್ಟಳೆಗಳನ್ನು ಇಟ್ಟುಕೊಳ್ಳಲಿ. ಎಲೆಗಳನ್ನು ಹಂಚುವದಕ್ಕಿಂತ ಮುಂಚೆ ನಿಯಮವನ್ನು ಎಲ್ಲರ ಮುಂದೆ ಹೇಳಬೇಕು, ನಡುವೆ ಬದಲಾಯಿಸಕೂಡದು. ಬೇಗಬೇಗನೆ ಆಡುವ ಆಟವಾದದರಿಂದ, ಕಣ್ಣು ಮಂದವಾದ ಅಜ್ಜನಿಗೂ ಎಣಿಕೆ ಕಲಿಯುತ್ತಿರುವ ಮಗುವಿಗೂ ಸಾವಕಾಶವನ್ನು ಕೊಡಬೇಕು. ಅವರ ಆತುರದಿಂದಾದ ತಪ್ಪನ್ನು ಮೋಸವೆಂದು ಎಣಿಸಕೂಡದು. ಕತ್ತೆಯೆಂಬ ಹೆಸರು ಆಟ ಮುಗಿದಾಗಲೇ ಮುಗಿಯಬೇಕು; ಮರುದಿನ ಬಾವಿಕಟ್ಟೆಯಲ್ಲಿ ಆ ಹೆಸರಿನಿಂದ ಕರೆದರೆ ಅದು ನಿಂದೆ. ಒಂದು ಕಾಸಾದರೂ ಇಡಕೂಡದು. ಮತ್ತು ದನಗಳಿಗೆ ನೀರು ಕುಡಿಸುವ ಹೊತ್ತಾದಾಗ, ಗೆಲ್ಲುವವನಾಗಲಿ ಸೋಲುವವನಾಗಲಿ, ಎಲೆಗಳನ್ನು ಕಟ್ಟಿಟ್ಟು ಏಳಬೇಕು.