ಏಕಪ್ರಾವೀಣ್ಯವೂ ಸಮಶಕ್ತಿಯೂ

ಮನುಷ್ಯನು ತನಗೆ ದೊರೆತಿರುವ ಪರಿಮಿತವಾದ ಶಕ್ತಿಯನ್ನು ಒಂದೇ ವಿದ್ಯೆಯಲ್ಲಿ ಸುರಿದು ಅದರಲ್ಲಿ ಅದ್ವಿತೀಯನಾಗುವುದು ಮೇಲೋ, ಹಲವು ವಿದ್ಯೆಗಳಿಗೆ ಹಂಚಿ ಎಲ್ಲದರಲ್ಲಿಯೂ ತಕ್ಕಮಟ್ಟಿಗೆ ಸಮರ್ಥನಾಗುವುದು ಮೇಲೋ ಎಂಬ ವಿವಾದವು ಪ್ರಾಚೀನವಾದುದು. ಈಚೆಗೆ ಅದು ಮಕ್ಕಳ ಆಟದ ವೇಷವನ್ನು ಧರಿಸಿ ನಮ್ಮ ಮನೆಗಳನ್ನು ಹೊಕ್ಕಿದೆ. ಅಂತರಜಾಲದ ಮೂಲಕ ದೇಶಾಂತರದ ಜನರು ಒಂದು ಕಲ್ಪಿತಲೋಕದಲ್ಲಿ ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಆಡುವ ಆಟಗಳನ್ನು ಹಿರಿಯರು ಕಾಲಹರಣವೆಂದು ತಳ್ಳಿಬಿಡುವುದುಂಟು. ಕಾಲಹರಣವೇ ಇರಬಹುದು, ಆದರೆ ಅದರೊಳಗಣ ಪ್ರಶ್ನೆಯು ಕ್ಷುದ್ರವಾದುದಲ್ಲ.

1997ರಲ್ಲಿ ಹೊರಬಂದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ ಒಂದು ಪಾತ್ರಕ್ಕೆ ಒಟ್ಟು 700 ಅಂಕಗಳ ಮಿತಿಯಿತ್ತು. ಒಂದು ವಿದ್ಯೆಯ ಪೂರ್ಣತೆಗೆ 100 ಅಂಕಗಳು. ಖಡ್ಗವಿದ್ಯೆ, ಚಿಕಿತ್ಸೆ, ಕಮ್ಮಾರಿಕೆ ಮೊದಲಾದವುಗಳಲ್ಲಿ ಏಳನ್ನು ಆರಿಸಿ ಪಾರಂಗತನಾಗಬಹುದು, ಇಲ್ಲವೆ ಹದಿನಾಲ್ಕರಲ್ಲಿ ಅರೆಬರೆ ಉಳಿಯಬಹುದು. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇನ್ನೂ ಕಠಿನ. ಅಲ್ಲಿ ಶತ್ರುವಿನ ಪೆಟ್ಟುಗಳನ್ನೆಲ್ಲ ತನ್ನ ಮೇಲೆಳೆದುಕೊಂಡು ನಿಲ್ಲುವವನೊಬ್ಬ, ಗಾಯಗೊಂಡವರನ್ನು ಗುಣಪಡಿಸುವವನೊಬ್ಬ, ಶತ್ರುವನ್ನು ಘಾತಿಸುವವನೊಬ್ಬ. ಮೊದಲ ವರ್ಷಗಳಲ್ಲಿ ನಲವತ್ತು ಮಂದಿಯ ಪಡೆ ಸೇರಿ ದೊಡ್ಡ ರಾಕ್ಷಸನ ಮೇಲೆ ಬೀಳುವಾಗ, ಮೂರನ್ನೂ ಅಷ್ಟಷ್ಟು ಬಲ್ಲವನನ್ನು ಆದರಿಸುವವರು ಕಡಮೆ. ಆದರೆ ಪಡೆಯಲ್ಲಿ ಪ್ರಾಣಸ್ವರೂಪನಾದ ಚಿಕಿತ್ಸಕನು ಕಾಡಿನಲ್ಲಿ ಒಬ್ಬನೇ ಸಿಕ್ಕಿದರೆ ಒಂದು ಹಂದಿಯನ್ನು ಕೊಲ್ಲುವುದಕ್ಕೂ ಬಹು ಹೊತ್ತು ಹೆಣಗುತ್ತಿದ್ದನು.

ಹಾಗಾದರೆ ಒಬ್ಬನ ಬಲವು ಅವನಲ್ಲಿದೆಯೋ, ಸುತ್ತ ನಿಂತವರಲ್ಲಿದೆಯೋ? ವಿರಾಟನಗರದಲ್ಲಿ ಪಾಂಡವರು ಒಂದೊಂದೇ ವೃತ್ತಿಯನ್ನು ಹಿಡಿದರು. ಧರ್ಮಜನು ಪಗಡೆಯ ಸಭಾಸದ, ಭೀಮನು ಬಾಣಸಿಗ, ಅರ್ಜುನನು ನಾಟ್ಯಶಿಕ್ಷಕ, ನಕುಲನು ಕುದುರೆಗಳ ಪಾಲಕ, ಸಹದೇವನು ಗೋವುಗಳ ಪಾಲಕ. ತ್ರಿಗರ್ತರು ಗೋಗ್ರಹಣಕ್ಕೆ ಬಂದಾಗ ಬಾಣಸಿಗನೂ ಕುದುರೆಯವನೂ ಗೋಪಾಲಕನೂ ಧರ್ಮಜನೊಡನೆ ರಥವೇರಿದರು; ಉತ್ತರ ದಿಕ್ಕಿಗೆ ಕೌರವರು ಬಂದಾಗ ನಾಟ್ಯಶಿಕ್ಷಕನು ಗಾಂಡೀವವನ್ನು ಎತ್ತಿದನು. ಒಂದೊಂದು ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡಿದ್ದರೂ ಅವರು ಅದರಲ್ಲಿಯೇ ಮುಗಿದುಹೋಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಬ್ಬರನ್ನೊಬ್ಬರು ಬಿಡದಿರುವ ಕಟ್ಟು ಅವರಲ್ಲಿತ್ತು.

ಏಕಪ್ರಾವೀಣ್ಯವೆಂಬುದು ಸ್ವಭಾವತಃ ಒಂದು ಸಾಲ. ಪೆಟ್ಟು ತಿನ್ನುವವನು ಹಿಂದೆ ಚಿಕಿತ್ಸಕನಿರುವನೆಂದು ನಂಬಿ ಎದೆಯೊಡ್ಡುತ್ತಾನೆ. ಆ ನಂಬಿಕೆಗೆ ಹೊಣೆ ಯಾರು? 2009ರ ಡಿಸೆಂಬರಿನಲ್ಲಿ ಆ ಆಟದವರು ಅಪರಿಚಿತರಾದ ಐವರನ್ನು ಯಂತ್ರವೇ ಹುಡುಕಿ ಜೊತೆಗೂಡಿಸುವ ಏರ್ಪಾಟನ್ನು ತಂದರು. ಅನುಕೂಲವೇನೋ ದೊಡ್ಡದು, ಆದರೆ ಕೆಲಸ ಮುಗಿದೊಡನೆ ಐವರೂ ಚದುರುವರು, ಮತ್ತೆ ಮುಖ ಕಾಣಬೇಕೆಂಬ ನಿರ್ಬಂಧವಿಲ್ಲ. ಇನ್ನು ಸಮಶಕ್ತಿಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಎಲ್ಲವನ್ನೂ ಅಷ್ಟಷ್ಟು ಕಲಿತವನಲ್ಲಿ ಅನೇಕ ವೇಳೆ ಯಾರ ಹಂಗಿಗೂ ಬೀಳಲೊಲ್ಲದ ಗರ್ವವೊಂದು ಅಡಗಿರುತ್ತದೆ. ಅಂಥವನನ್ನು ಯಾರೂ ಮೋಸಗೊಳಿಸಲಾರರು, ನಿಜ. ಅವನಿಗಾಗಿ ಯಾರೂ ಕಾಯುವುದೂ ಇಲ್ಲ.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ತಿರುಳು ಗಡಗಡಿಸುವ ತನಕ ಕಾದು ಉಂಡೆ ಕೊಬ್ಬರಿಯನ್ನು ಪಡೆಯುವ ವಿದ್ಯೆಯಲ್ಲಿ ತಿಪಟೂರಿನ ಸುತ್ತಣ ಜನರು ನಿಸ್ಸಂಶಯವಾಗಿ ಪ್ರವೀಣರು. ಈ ಒಂದರಲ್ಲಿಯೇ ಸರ್ವಸ್ವವನ್ನೂ ಇಟ್ಟ ಮನೆಗಳೆಷ್ಟೋ ಇವೆ. 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯು ಗೊತ್ತಾಗಿದ್ದರೂ ಮಾರುಕಟ್ಟೆಯ ಧಾರಣೆಯು ಅದಕ್ಕಿಂತ ಬಹಳ ಕೆಳಗೆ ಕುಸಿದು, ರೈತರು ಧರಣಿ ಕೂರಬೇಕಾಯಿತು. 2025ರಲ್ಲಿ ಬೆಂಬಲ ಬೆಲೆಯು 12,100 ಇರಲು, ಧಾರಣೆಯು ಅದರ ಇಮ್ಮಡಿಯನ್ನೂ ದಾಟಿತು. ಎರಡು ವರ್ಷಗಳಲ್ಲಿ ಕೊಬ್ಬರಿ ಮಾಡುವವನ ಕೌಶಲವು ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಅವನ ಜೊತೆಗಾರನಾದ ಮಾರುಕಟ್ಟೆಯು ಯಂತ್ರವು ಹುಡುಕಿಕೊಟ್ಟ ಅಪರಿಚಿತನಂತೆ, ಯಾವ ಮಾತನ್ನೂ ಕೊಟ್ಟವನಲ್ಲ. ತೆಂಗಿನ ಸಾಲಿನ ನಡುವೆ ಬಾಳೆಯನ್ನೋ ಅಡಿಕೆಯನ್ನೋ ಇಟ್ಟು, ಹೊಲದಲ್ಲಿ ರಾಗಿ ಹೆಸರುಗಳನ್ನು ಬಿತ್ತಿ, ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿದವನು 2025ರಲ್ಲಿ ಅಷ್ಟು ಹಣ ಕಾಣಲಿಲ್ಲ. 2023ರಲ್ಲಿ ಅಷ್ಟು ಕಂಗೆಡಲೂ ಇಲ್ಲ.

ಆಟದವನಿಗೆ ಇನ್ನೊಂದು ಭಾಗ್ಯವುಂಟು. ಪಟ್ಟಣದ ಗುರುವಿನ ಬಳಿಗೆ ಹೋಗಿ ಸ್ವಲ್ಪ ಹೊನ್ನನ್ನು ತೆತ್ತರೆ, ಹಂಚಿದ ಅಂಕಗಳನ್ನೆಲ್ಲ ಹಿಂದಕ್ಕೆ ಪಡೆದು ಬೇರೆ ರೀತಿಯಾಗಿ ಹಂಚಿಕೊಳ್ಳಬಹುದು. ನಾಟಿ ತೆಂಗಿನ ಸಸಿಯಾದರೋ ಫಲಕ್ಕೆ ಬರಲು ಆರೇಳು ವರ್ಷ ಬೇಡುತ್ತದೆ. ನೆಟ್ಟ ಮೇಲೆ ಮನಸ್ಸು ಬದಲಾಯಿಸಿದರೆ ಆ ವರ್ಷಗಳು ಮರಳವು. ಹದಿನೇಳು ವರ್ಷದ ಹುಡುಗನನ್ನು ವೈದ್ಯಕೀಯ ಪ್ರವೇಶಪರೀಕ್ಷೆಯೊಂದಕ್ಕೇ ಮೀಸಲಿಟ್ಟು, ಸಂಗೀತ, ತೋಟ, ನೆಂಟರಿಷ್ಟರು ಎಲ್ಲವನ್ನೂ ಅವನಿಂದ ದೂರಮಾಡಿದ ತಾಯಿತಂದೆಗಳು ಆ ಅಂಕಗಳನ್ನು ಹಂಚಿದವರು ತಾವೇ ಎಂಬುದನ್ನು, ಪರೀಕ್ಷೆಯ ಫಲ ಬಂದ ದಿನದ ಸಂಜೆ ಅವನು ಬಾಗಿಲಲ್ಲಿ ನಿಂತಾಗ, ನೆನಪಿಟ್ಟಿರುವರೇ?